ಚಪ್ಪಾಳೆ ತುಂಬಿದ ಕ್ಯಾಸೆಟ್

ಹೇಳಬೇಕೆಂದುಕೊಂಡೇ ನಲವತ್ತು ವರ್ಷ ತಳ್ಳಿದೆ. ಆಗ ನಾನೂ ನನ್ನ ಗೆಳೆಯರೂ ಒಂದು ವಿದೇಶಿ ರಾಕ್ ತಂಡದ ಹುಚ್ಚರು. ಆ ತಂಡ ಜನರೆದುರು ನುಡಿಸಿದ ಆಲ್ಬಮ್ಮನ್ನು, ಊರಲ್ಲಿ ಟೇಪ್ ಅಂಗಡಿ ಇಟ್ಟಿದ್ದ ಅವರು ನಮಗೆ ಕ್ಯಾಸೆಟ್ಟಿಗೆ ತುಂಬಿಸಿಕೊಟ್ಟರು. ಆರು ನಿಮಿಷದ ಹಾಡು ಹದಿನೈದಾಗಿತ್ತು, ನಡುನಡುವೆ ಗದ್ದಲ.

"ಸ್ಪೀಡ್ ಕೆಡಿಸ್ಯಾನ ಲೇ" ಎಂದ ಗೆಳೆಯ.

ನಾನು ಗಿರಾಕಿಗಳೆದುರೇ ಕೂಗಾಡಿದೆ: "ಏನ್ರಿ ಸಾಬ್ರ, ಸಂತ್ಯಾಗ ಕುಂತು ತುಂಬಿಸೀರೇನು? ಮೋಸ ಇದು!"

ಅವರು ಹತ್ತಿಯಿಂದ ಟೇಪಿನ ಹೆಡ್ ಒರೆಸುತ್ತ, ಎಂದಿನಂತೆ, "ಪೂರಾ ಕೇಳ್ರಿ, ಜೀವ ಐತಿ ಅದ್ರಾಗ" ಎಂದರು.

ಕೇಳಲಿಲ್ಲ. ಮೋಸಗಾರನೆಂದು ಊರೆಲ್ಲ ಸಾರಿದೆ. ಅಂಗಡಿ ಮುಚ್ಚಿತು.

ಮುಂದೆ ದಾವಣಗೆರೆಯಲ್ಲಿ ಅಸಲಿ ರೆಕಾರ್ಡನ್ನೇ ಕೇಳಿದೆ. ಅದೇ ಉದ್ದ, ಅದೇ ಚಪ್ಪಾಳೆ. ಎಂಥ ಸೊಕ್ಕಿನ ಕಿವಿ ನನ್ನದು! ಊರಿಗೆ ಬಂದಾಗ ಅವರು ಬಸ್ ನಿಲ್ದಾಣದಲ್ಲಿ ಸೈಕಲ್ ಪಂಕ್ಚರ್ ಹಾಕುತ್ತಿದ್ದರು. ನಾನು ಮುಖ ತಿರುಗಿಸಿ ನಡೆದೆ. ನಾನು ಕ್ಷಮೆ ಕೇಳದೇ ಉಳಿದದ್ದು ಅವರನ್ನೇ, ಕೊಟ್ಟೂರಿನ ಟೇಪ್ ರಿಪೇರಿ ಸಾಬರನ್ನು.