ಶಿರೂರಿಗೆ ಕೊಟ್ಟ ಹೆಣ್ಣು

ಸತ್ತ ಗಂಡಿನ ತಾಯಿಗೆ ನನ್ನನ್ನು ತೋರಿಸಿದ್ದು ನನ್ನ ಅಜ್ಜಿ. ಹೆಣ್ಣು ನಾನಾಗಿರಲಿಲ್ಲ. ಹೆಣ್ಣು ನನ್ನ ದೊಡ್ಡಮ್ಮ, ಅಮ್ಮನ ಅಕ್ಕ. ನಾನು ಹುಟ್ಟುವ ಮೊದಲೇ, ಹದಿನೇಳನೇ ವಯಸ್ಸಿಗೆ ಜ್ವರ ಬಂದು ತೀರಿಕೊಂಡವಳು.

ಮದುವೆಯಾಗದೆ ಸತ್ತವರಿಗೆ ಮದುವೆ ಮಾಡುವ ಕ್ರಮ ನಮ್ಮ ಕಡೆ ಇದೆ. ಹೇಳಿದರೆ ಹೊರಗಿನವರು ನಗುತ್ತಾರೆ. ನಾವೂ ನಗುತ್ತೇವೆ, ಆದರೆ ನಮ್ಮ ನಗು ಬೇರೆ. ಬಳಿ, ಅಂದರೆ ತಾಯಿ ಕಡೆಯ ಕುಲ, ಬೇರೆಯಾಗಿರಬೇಕು. ಗಂಡಿಗೆ ವಯಸ್ಸು ಹೆಚ್ಚಿರಬೇಕು. ಎರಡೂ ಮನೆಯವರು ಒಪ್ಪಬೇಕು. ಬದುಕಿದವರ ಮದುವೆಗೆ ಏನೇನು ಬೇಕೋ ಅದೆಲ್ಲ ಬೇಕು, ಗಂಡು ಹೆಣ್ಣು ಇಬ್ಬರನ್ನು ಬಿಟ್ಟು.

ತೊಂಬತ್ತೆಂಟರಲ್ಲಿ ನಾನು ಪಿಯುಸಿ ಪಾಸಾದೆ. ನಾವುಂದದ ಕಡಲಬದಿಯ ನಮ್ಮ ಮನೆಯಲ್ಲಿ ಅಷ್ಟು ಓದಿದವರು ಮೊದಲು ಯಾರೂ ಇರಲಿಲ್ಲ. ಅಪ್ಪ ಬೋಟಿಗೆ ಹೋಗುತ್ತಿದ್ದರು, ಅಮ್ಮ ಮೀನಿನ ಬುಟ್ಟಿ ಹೊರುತ್ತಿದ್ದಳು. ಕುಂದಾಪುರಕ್ಕೆ ಹೋಗಿ ಡಿಗ್ರಿ ಮಾಡುತ್ತೇನೆ ಎಂದು ನಾನು ಹಟ ಹಿಡಿದೆ. ಅದೇ ಹೊತ್ತಿಗೆ ಅಮ್ಮ ಹಾಸಿಗೆ ಹಿಡಿದಳು. ಡಾಕ್ಟರ ಮದ್ದು ತಾಗಲಿಲ್ಲ. ಮಧ್ಯಾಹ್ನದ ಮಂಪರಿನಲ್ಲಿ ಎಳೆ ಹುಡುಗಿಯ ದನಿ ತೆಗೆದು, "ನಂಗೂ ಒಂದ್ ಸೀರಿ ಕೊಡಿ" ಎಂದು ಅಳುತ್ತಿದ್ದಳು. ಆ ದನಿ ಸತ್ತ ದೊಡ್ಡಮ್ಮನದೆಂದು ಅಜ್ಜಿಗೆ ಕೂಡಲೇ ತಿಳಿಯಿತು. ಆಮೇಲೆ ಕೇಳಿದಾಗ ಜೋಯಿಸರೂ ಅದನ್ನೇ ಹೇಳಿದರು.

"ದೊಡ್ಡ ಹೆಣ್ಣ್ ಹೊಸ್ಲು ದಾಟದೆ ಸಣ್ಣ ಹೆಣ್ಣ್ ದಾಟುಕಾತ್ತಾ?" ಎಂದರು ಅಜ್ಜಿ. "ಅವ್ಳ್ ಮದಿ ಆಯ್ಲಿ. ಮತ್ತೆ ನೀನ್ ಕಾಲೇಜಿಗೆ ಹೋಗ್."

"ಕಾಲೇಜ್ ನಂಗೋಸ್ಕರ ಕಾಯುದಿಲ್ಲೆ ಅಜ್ಜಿ."

"ಹಂಗಾರೆ ಗಂಡ್ ಹುಡ್ಕುಕೆ ಬೇಗ ಹೇಳುವ."

ಹುಡುಕಿದವರು ಅಮ್ಮನ ಜೊತೆ ಮೀನು ಮಾರುವ ಹೆಂಗಸರು. ಅವರ ಬುಟ್ಟಿ ಹೋಗದ ಅಂಗಳವಿಲ್ಲ. ಯಾವ ಮನೆಯಲ್ಲಿ ಯಾರು ಮದುವೆಯಿಲ್ಲದೆ ಹೋದರು ಎಂಬುದೂ ಅವರಿಗೆ ಗೊತ್ತು. ಒಬ್ಬಳು ಶಿರೂರಿನ ಗಂಡಿನ ಸುದ್ದಿ ತಂದಳು. ಹೊಳೆ ಕಡಲು ಸೇರುವಲ್ಲಿ ದೋಣಿ ಮಗುಚಿ ಹೋದವನು.

"ಹೋಪತಿಗೆ ಇಪ್ಪತ್ತ್ ವರ್ಸ, ಈಗ ಇದ್ದಿರೆ ನಲ್ವತ್ತ್ ದಾಟ್ತಿತ್ತ್," ಎಂದು ಅವಳು ಬುಟ್ಟಿ ಇಳಿಸಿದಳು. "ಕುಡುದಿಲ್ಲೆ, ಬೀಡಿ ಇಲ್ಲೆ, ಬೊಂಬಾಯಿ ಹೋಟ್ಲಿಗೆ ಓಡಿ ಹೋಪುದೂ ಇಲ್ಲೆ. ಇಂಥ ಗಂಡ್ ನಿಮ್ ಮಗ್ಳಿಗೆ ಮತ್ತೆಲ್ಲ್ ಸಿಕ್ಕತ್ ಅಜ್ಜಿ?"

ಮಲಗಿದಲ್ಲಿಂದಲೇ ಅಮ್ಮನೂ ನಕ್ಕಳು. ತುಂಬ ದಿನದ ಮೇಲೆ ನಕ್ಕದ್ದು.

ಗಂಡಿನ ತಾಯಿ ಹೆಣ್ಣು ನೋಡಲು ಬಂದರು. ಚಾ ಕುಡಿದರು, ಎಲೆ ಅಡಿಕೆ ಹಾಕಿದರು, ಸುತ್ತ ನೋಡಿದರು. "ಹೆಣ್ಣ್ ಹ್ಯಾಂಗಿದ್ದಿತ್ತ್? ಒಂದ್ ಫೋಟೋ ಆರೂ ಇಲ್ಯಾ?"

ನಮ್ಮಂಥ ಮನೆಯಲ್ಲಿ ಆ ಕಾಲಕ್ಕೆ ಫೋಟೋ ತೆಗೆಸಿದವರು ಯಾರು? ಅಜ್ಜಿ ತುಸು ಯೋಚಿಸಿ, ಬಾಗಿಲ ಸಂದಿನಲ್ಲಿದ್ದ ನನ್ನ ಕೈ ಹಿಡಿದೆಳೆದು ಚಾವಡಿಯ ನಡುವೆ ನಿಲ್ಲಿಸಿದರು.

"ಹೀಂಗೇ ಇದ್ದಿದ್ಲ್. ಇದೇ ಮೂಗ್, ಇದೇ ಜಡಿ. ಇವ್ಳನ್ನ್ ಕಂಡ್ರೆ ಅವ್ಳನ್ನ್ ಕಂಡಾಂಗೆ."

ಆ ತಾಯಿ ಎದ್ದು ಬಂದು ನನ್ನ ಗಲ್ಲ ಸವರಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಹೆಗಲಿನಾಚೆ, ಹಿಂಬಾಗಿಲ ಕಡೆ ನೋಡುತ್ತ, ಅಲ್ಲಿ ನಿಂತವರನ್ನು ಕೇಳುವ ಹಾಗೆ ಕೇಳಿದರು: "ಒಪ್ಪಿಗಿಯಾ ಮಗಾ?"

ತಿರುಗಿ ನೋಡಿದೆ. ಹಿಂಬಾಗಿಲಲ್ಲಿ ಯಾರೂ ಇರಲಿಲ್ಲ.

ಕಾಲೇಜಿನ ಸೀಟು ತುಂಬುವ ಮೊದಲೇ ಆಗಲಿ ಎಂದು, ಬದುಕಿದವರಿಗೆ ಮದುವೆ ಮಾಡದ ಆಸಾಡಿ ತಿಂಗಳು ಹಿಡಿದ ಕೂಡಲೇ ಮದುವೆ ಇಟ್ಟರು. ಬೋಟುಗಳೆಲ್ಲ ದಡದಲ್ಲಿದ್ದವು. ಹೆಣ್ಣಿನ ಬದಲು ಮಣೆಯ ಮೇಲಿಡುವ ಸೀರೆಗೆ ರವಕೆ ಬೇಕಲ್ಲ, ಅದನ್ನು ನನ್ನ ಅಳತೆಗೆ ಹೊಲಿಸಿದರು. ಮದುವೆಯಾಗದವರು ಈ ಮದುವೆಯನ್ನು ನೋಡಬಾರದು. ನನ್ನನ್ನು ನೆರೆಮನೆಗೆ ಕಳಿಸಿದರು. ಅಲ್ಲಿ ಒಲೆಯ ಮುಂದೆ ಕೂತು, ಧಾರೆಯ ಹೊತ್ತಿಗೆ ನಮ್ಮ ಮನೆಯಿಂದ ಬಂದ ಸದ್ದನ್ನು ಮಾತ್ರ ಕೇಳಿದೆ. ಸಂಜೆಗೆ ಒಂದು ಜೀಪು ಆ ಸೀರೆ ರವಕೆಗಳನ್ನು ಹೊತ್ತು ಶಿರೂರಿಗೆ ಹೊರಟಿತು. ಅಜ್ಜಿ ರಸ್ತೆಯವರೆಗೂ ಅಳುತ್ತ ಹೋದರಂತೆ.

ಮರುದಿನ ಅಮ್ಮ ಎದ್ದು ಕೂತು ಗಂಜಿ ಕೇಳಿದಳು. ಅಪ್ಪ ನನ್ನನ್ನು ಕಾಲೇಜಿಗೆ ಸೇರಿಸಿ ಬಂದರು.

ಬಸ್ಸಿನಲ್ಲಿ ಶುರುವಾಯಿತು. ಬೆಳಗ್ಗಿನ ಬಸ್ಸಿಗೆ ಜನ ಬಾಗಿಲಲ್ಲಿ ಜೋತಾಡುತ್ತಿದ್ದರೂ ನನ್ನ ಪಕ್ಕದ ಸೀಟು ಖಾಲಿ ಇರುತ್ತಿತ್ತು. ಕೂತವರು ತಟ್ಟನೆ ಎದ್ದು ಸೀರೆಯ ಹಿಂಭಾಗ ಮುಟ್ಟಿ ನೋಡಿಕೊಳ್ಳುತ್ತಿದ್ದರು. "ಸೀಟೆಲ್ಲ ಚಂಡಿ!" ಮಳೆಗಾಲ, ಕಿಟಕಿಯಿಂದ ನೀರು ಬಿದ್ದಿರಬೇಕು ಎಂದುಕೊಂಡೆ. ಮಳೆ ನಿಂತು ಬಿಸಿಲು ಬಂದ ಮೇಲೂ ಸೀಟು ಒದ್ದೆಯೇ. ಮರವಂತೆಯಲ್ಲಿ ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಅಲ್ಲಿಗೆ ಬಂದಾಗ ಉಪ್ಪುನೀರಿನ ವಾಸನೆ ಕಿಟಕಿಯ ಕಡೆಯಿಂದ ಬರುತ್ತಿರಲಿಲ್ಲ, ಪಕ್ಕದ ಸೀಟಿನಿಂದ ಬರುತ್ತಿತ್ತು.

ಗೆಳತಿಯರು ಬಾಡಿಗೆಗೆ ತಂದು ಓದುತ್ತಿದ್ದ ರಾಜರ ಕಾಲದ ಕಾದಂಬರಿಗಳಲ್ಲಿ ಸತ್ತ ರಾಜಕುಮಾರ ಕುದುರೆ ಏರಿ ಬರುತ್ತಿದ್ದ. ನನ್ನವನು ಟಿಕೆಟಿಲ್ಲದೆ ಬಸ್ಸಿನಲ್ಲಿ ಬರುತ್ತಿದ್ದ. ನನ್ನವನು ಎಂದೇ ಬರೆಯುತ್ತೇನೆ. ಮೊದಮೊದಲು ಕಿಟಕಿಗೆ ಒತ್ತಿ ಕೂರುತ್ತಿದ್ದೆ. ಆಮೇಲೆ, ಸೀಟು ಒಣಗಿದ್ದ ದಿನ ಕಾಲೇಜೇ ರುಚಿಸುತ್ತಿರಲಿಲ್ಲ. ಪಾಠವನ್ನು ಅವನಿಗೆ ಕೇಳಲೆಂದು ತುಸು ಗಟ್ಟಿಯಾಗಿ ಓದುತ್ತಿದ್ದೆ. ಓದುವ ವಯಸ್ಸಿನಲ್ಲಿ ದೋಣಿ ಹತ್ತಿದವನಲ್ಲವೇ. ನಾನು ಪುಟ ಮಗುಚಿದಾಗ ಆ ಕಡೆಯಿಂದ ಒಂದು ತಂಪು ನನ್ನ ಮುಂಗೈಗೆ ತಾಗುತ್ತಿತ್ತು.

ಹಿರಿಯರಿಗೆ ಎಲೆ ಹಾಕುವ ದಿನ ಕಳೆದ ಮೇಲೆ ಶಿರೂರಿನಿಂದ ಸುದ್ದಿ ಬಂತು. ಮಗ ಸೊಸೆಗೆಂದು ಎರಡು ಎಲೆ ಬಡಿಸಿದರೆ ಕಾಗೆ ಒಂದನ್ನೂ ಮುಟ್ಟಲಿಲ್ಲವಂತೆ. ಮಗ ಮನೆಯಲ್ಲೇ ಇಲ್ಲ, ಸೊಸೆ ಬಾಗಿಲ ಹೊರಗೇ ನಿಂತಿದ್ದಾಳೆ ಎಂದು ಆ ತಾಯಿ ಹೇಳಿ ಕಳಿಸಿದ್ದರು. ಆ ವಾರವೇ ಅಮ್ಮ ಮತ್ತೆ ಮಲಗಿ, ಅದೇ ಎಳೆ ದನಿಯಲ್ಲಿ ಅಳತೊಡಗಿದಳು.

ನನ್ನ ಪಕ್ಕದ ಒದ್ದೆ ಸೀಟಿನ ಸುದ್ದಿ ಮೀನಿನ ಹೆಂಗಸರಿಂದ ಅಜ್ಜಿಗೆ ಮುಟ್ಟಿತ್ತು. ಅಜ್ಜಿ ನನ್ನ ಚೀಲ ಕಸಿದು ಒಳಗಿಟ್ಟರು. "ಕಾಲೇಜ್ ಸಾಕ್. ಅವ ನಿನ್ ಹಿಂದೆ ಬಿದ್ದಿದ. ಮನಿಯಂಗೇ ಕೂಕೋ."

"ತೋರ್ಸದ್ದ್ ನೀವ್. ಓದ್ ಬಿಡೂದ್ ನಾನಾ?"

ಅಜ್ಜಿಯದೇ ತಪ್ಪು ಎಂದು ನಾನು ಮುಖಕ್ಕೇ ಹೇಳಿದ್ದು ಅದೇ ಮೊದಲು.

"ನಾನೇ ಶಿರೂರಿಗೆ ಹೋಯಿ ಆ ಗಂಡಿಗೆ ಹೇಳ್ತೆ," ಎಂದೆ.

ಶಿರೂರಿನ ಆ ಮನೆಯಂಗಳದಲ್ಲಿ ಮತ್ತೆ ಎರಡು ಎಲೆ ಹಾಕಿದರು. ಅನ್ನ, ಮೀನಿನ ಸಾರು, ಕಡುಬು. ದೊಡ್ಡಮ್ಮನ ಎಲೆಯ ಪಕ್ಕ ಆ ಸೀರೆ, ನನ್ನ ಅಳತೆಯ ರವಕೆ. ಗಂಡಿನ ತಾಯಿ ನನ್ನ ಬೆನ್ನ ಮೇಲೆ ಕೈಯಿಟ್ಟರು. "ಹೇಳ್ ಮಗಾ. ಅವ ಒಳ್ಳೆಯವ, ಹೇಳಿರೆ ಕೇಂತ."

"ಹ್ವಾಯ್," ಎಂದೆ. ಅಮ್ಮ ಅಪ್ಪನನ್ನು ಕರೆಯುವುದು ಹಾಗೆ. ಬಾಯಿಂದ ಬಂದ ಮೇಲೆ ಹೊಳೆಯಿತು.

"ಹ್ವಾಯ್, ನಿಮ್ ಹೆಣ್ಣ್ ನಾನಲ್ಲ. ಅಜ್ಜಿ ನನ್ನ್ ತೋರ್ಸದ್ದ್ ಹೌದ್. ಆರೆ ಧಾರೆ ಆದ್ದ್ ನನ್ ದೊಡ್ಡಮ್ಮಂಗೆ. ನೀವ್ ಕಾದಷ್ಟೇ ವರ್ಸ ಅವ್ಳೂ ಕಾದಿದ್ಲ್. ಅವ್ಳನ್ನ್ ಒಳ್ಗ್ ಕರ್ಕಣಿ. ನಂಗೆ ಓದುಕಿತ್ತ್. ಇನ್ನ್ ನನ್ ಒಟ್ಟಿಗೆ ಬಪ್ಪುದ್..."

ಆ ಮಾತು ಮುಗಿಸಲು ಮನಸ್ಸಿರಲಿಲ್ಲ. ಆಚೆ ನಿಂತಿದ್ದ ಅಜ್ಜಿಯನ್ನು ನೋಡಿದೆ, ಒಳಗಿಟ್ಟ ಚೀಲ ನೆನಪಾಯಿತು. "ಬೇಡ" ಎಂದೆ.

ತೆಂಗಿನ ಮರದಿಂದ ಒಂದು ಕಾಗೆ ಇಳಿದು ಅವನ ಎಲೆಗೆ ಕೊಕ್ಕು ಹಾಕಿತು. ಇನ್ನೊಂದು ಇಳಿದು ದೊಡ್ಡಮ್ಮನ ಎಲೆಯ ಮೀನು ಎತ್ತಿತು. ಹೆಂಗಸರೆಲ್ಲ ಉಸಿರುಬಿಟ್ಟರು. ಗಂಡಿನ ತಾಯಿ ಅತ್ತರು. ನಾನೂ ಅತ್ತೆ. ಹುಡುಗಿ ಹೆದರಿದ್ದಾಳೆ ಎಂದು ಯಾರೋ ನೀರು ಕೊಟ್ಟರು.

ಸೋಮವಾರದ ಬಸ್ಸಿನಲ್ಲಿ ಒಬ್ಬ ಮೀನಿನ ಹೆಂಗಸು, "ಸ್ವಲ್ಪ ಜರ್ಗ್ ಮಾರಾಯ್ತಿ, ಎಂತ ಅಷ್ಟ್ ಜಾಗ ನಿಂಗೆ?" ಎನ್ನುತ್ತ ಪಕ್ಕದಲ್ಲಿ ಕೂತಳು. ಕುಂದಾಪುರ ಬರುವ ತನಕ ಏಳಲಿಲ್ಲ.

ಅಮ್ಮ ಮತ್ತೆ ಹಾಗೆ ಅಳಲಿಲ್ಲ. ನಾನು ಡಿಗ್ರಿ ಮುಗಿಸಿದೆ. ನಮ್ಮ ಮನೆಯಲ್ಲಿ ಮೊದಲು, ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಬ್ರಹ್ಮಾವರದಲ್ಲಿ ಟೀಚರ್ ಕೆಲಸ ಸಿಕ್ಕಿತು. ಶನಿವಾರ ಮಧ್ಯಾಹ್ನ ಊರಿನ ಬಸ್ಸು ಹತ್ತಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತೇನೆ. ಮರವಂತೆ ಬಂದಾಗ ಯಾವುದಾದರೂ ಒಂದು ಸಾಲನ್ನು ತುಸು ಗಟ್ಟಿಯಾಗಿ ಓದುತ್ತೇನೆ. ಪಕ್ಕದ ಸೀಟಿನ ಮೇಲೆ ಮಾತ್ರ ಕೈಯಿಟ್ಟು ನೋಡುವುದಿಲ್ಲ.