ಇಟ್ಟಂಗಿ ಮುಚ್ಚಿ ಇಟ್ಟಂಗಿ ಬರೆಯುವವರು

ಗೆಳೆಯರೇ, ಇವತ್ತು ಮಧ್ಯಾಹ್ನ ಕಾಸಾರಶಿರಸಿ ಸಂತೆಯಿಂದ ನಿಲಂಗಾಕ್ಕೆ ಬಂದು ನೋಡುತ್ತೇನೆ, ಪೇಟೆ ಬೀದಿಯ ನಮ್ಮ ಮನೆಗೆ ಮುಖವೇ ಇಲ್ಲ. ಅಜ್ಜ ತೆಳು ಇಟ್ಟಂಗಿಯಲ್ಲಿ ಕಟ್ಟಿಸಿದ ಗೋಡೆಗೆ ನನ್ನ ತಮ್ಮ ಶಿವಲಿಂಗ ಸುಣ್ಣದ ಗಚ್ಚು ಬಳಿಸಿಬಿಟ್ಟಿದ್ದಾನೆ. ನಾಳೆ ನಿಜಾಮ ಸರ್ಕಾರದ ಸುಬೇದಾರರ ಸವಾರಿ ಈ ಬೀದಿಯಲ್ಲಿ ಹಾಯುತ್ತದಂತೆ.

"ಒಣಗಿದ ಮ್ಯಾಲ ಕೆಂಪು ಬಣ್ಣದಾಗ ಇಟ್ಟಂಗಿ ಬರೀತೀವ್ರಿ ಮಾಲಕರ," ಎಂದ ಗಚ್ಚು ಬಳಿಯುತ್ತಿದ್ದ ಗವಂಡಿ ಹುಸೇನಸಾಬ.

"ಒಳಗ ಇರೋದೂ ಇಟ್ಟಂಗೀನೇ ಅಲ್ಲೇನಪಾ?"

"ಅವು ಹಳೇವ್ರಿ. ಸಾಲು ಸೊಟ್ಟ ಕಾಣ್ತಾವ."

"ಹೈದರಾಬಾದಿನಾಗ ಇದೇ ಫ್ಯಾಶನ್ ಅದ, ಅಣ್ಣಾ," ಎಂದ ತಮ್ಮ.

ಆರ್ಕಿಟೆಕ್ಚರ್ ಎಂದರೆ ಏನೆಂದು ಕಾಲೇಜಿನಲ್ಲಿ ಒಂದು ಪುಟ ಬಾಯಿಪಾಠ ಮಾಡಿದ್ದೆ. ಅದನ್ನು ತಮ್ಮನಿಗೆ ಹೇಳೋಣವೆಂದರೆ ಸಿಟ್ಟಿನಲ್ಲಿ ಒಂದು ಸಾಲೂ ನೆನಪಾಗಲಿಲ್ಲ. ಅಷ್ಟರಲ್ಲಿ ಬಾಗಿಲ ಪಕ್ಕದ ದೀಪದ ಗೂಡೂ ಮಾಯವಾದದ್ದು ಕಂಡಿತು. ನನ್ನಾಕೆ ದಿನಾ ಸಂಜೆ ಅಲ್ಲಿ ದೀಪ ಇಡುತ್ತಿದ್ದಳು. ಅವಳು ಹೋದ ಮೇಲೆ ನಾನು ಇಡುತ್ತೇನೆ.

"ಗೂಡ ಎಲ್ಲದ?"

"ಮುಚ್ಚೀವ್ರಿ. ಚಿಂತಿ ಬ್ಯಾಡ, ಅದನ್ನೂ ಬರೀತೀವಿ, ದೀಪಾನೂ ಸೇರಿಸಿ."

ಗವಂಡಿಯ ಕೈಯಿಂದ ಗಚ್ಚು ಬಳಿಯುವ ಕರಣಿ ಕಸಿದುಕೊಂಡು ಹಸಿ ಗಚ್ಚನ್ನು ನಾನೇ ಕೆತ್ತಿ ಗೂಡು ತೆರೆದೆ. ಇಡೀ ಗೋಡೆಯಲ್ಲಿ ಈಗ ನಿಜವಾದ ಇಟ್ಟಂಗಿ ಕಾಣುವುದು ಅಷ್ಟೇ ಜಾಗದಲ್ಲಿ. ಅಲ್ಲಿ ಗೋಡೆ ಕೆಟ್ಟದಾಗಿ ಕಾಣುತ್ತದೆಂದು, ತೋರಣ ಕಟ್ಟಿ ಮರೆಮಾಡಲು ಶಿವಲಿಂಗ ಮಾವಿನೆಲೆ ತರಲು ಹೋಗಿದ್ದಾನೆ.