ಗಿರಣಿ ಎದುರಿನ ಕಿಡಕಿ

ಕಿಟಕಿಗೆ ಊದಿನಕಡ್ಡಿ ಹಿಡಿಯುವ ಬಡಿಗರನ್ನು ನಾನು ನೋಡಿದ್ದು ಒಬ್ಬರನ್ನೇ, ಈರಪ್ಪ ಕಾಕಾ ಅವರನ್ನು. ಹೊತ್ತಿಸಿದ ಕಡ್ಡಿಯನ್ನು ಚೌಕಟ್ಟಿನ ಅಂಚಿನಗುಂಟ ಸಾವಕಾಶ ಸರಿಸುತ್ತ, ಹೊಗೆ ಎಲ್ಲಿ ಬಾಗುತ್ತದೆ ಎಂದು ನೋಡುವರು. ಬಾಗಿದಲ್ಲಿ ಸಂದಿ ಇದೆ ಎಂದರ್ಥ. ಅಲ್ಲೊಂದು ಸುಣ್ಣದ ಗುರುತು ಹಾಕುವರು. ಮೊದಲ ಸಲ ಅವರು ನಮ್ಮ ಮನೆಯಲ್ಲಿ ಹೀಗೆ ಕಡ್ಡಿ ಆಡಿಸುತ್ತಿದ್ದಾಗ, ಓಣಿಯಲ್ಲಿ ಹೊರಟಿದ್ದ ಮುದುಕಿಯೊಬ್ಬಳು ಚಪ್ಪಲಿ ಬಿಟ್ಟು ನಿಂತು ಕಿಟಕಿಗೆ ಕೈಮುಗಿದು ಹೋದಳು. ನಾನು ನಕ್ಕೆ. ಕಾಕಾ ನಗಲಿಲ್ಲ. "ಮುಗೀಲಿ ಬಿಡವಾ, ಕಿಡಕಿಗೇನ ತ್ರಾಸ?" ಎಂದರು.

ಎಂಬತ್ತರ ದಶಕದ ಮಾತು. ನಾನಾಗ ನವಲಗುಂದದ ದವಾಖಾನೆಯಲ್ಲಿ ನರ್ಸು. ರಾತ್ರಿ ಪಾಳಿ ಬಂದರೆ ಹಗಲು ಮಲಗಬೇಕು. ಹಗಲು ಮಲಗೋಣವೆಂದರೆ ಮನೆಯ ಎದುರಿಗೇ ಹೊಸದಾಗಿ ಹಿಟ್ಟಿನ ಗಿರಣಿ ಬಂದಿತ್ತು. ಅದರ ಡೀಸೆಲ್ ಎಂಜಿನ್ನು ಬೆಳಿಗ್ಗೆ ಶುರುವಾದರೆ, ಊರ ಜೋಳವೆಲ್ಲ ಬೀಸಿ ನಿಲ್ಲುವ ಹೊತ್ತಿಗೆ ನನ್ನ ಡ್ಯೂಟಿಯ ವೇಳೆ ಆಗಿರುತ್ತಿತ್ತು. ಸರದಿಯಲ್ಲಿ ನಿಂತ ಹೆಂಗಸರು ಗಿರಣಿಯ ಸದ್ದನ್ನು ಮೀರಿಸಿ ಮಾತಾಡುತ್ತಿದ್ದರು. ನನ್ನ ಕೋಣೆಯ ಕಿಟಕಿಯ ಕದಗಳು ಒಣಗಿ ಸೊಟ್ಟಾಗಿ, ಮುಚ್ಚಿದರೂ ನಡುವೆ ಬೆರಳು ತೂರುತ್ತಿತ್ತು. ಕಿವಿಗೆ ಹತ್ತಿ ಇಟ್ಟುಕೊಂಡೆ, ತಲೆಯ ಮೇಲೆ ದಿಂಬು ಹೇರಿಕೊಂಡೆ. ಏನೂ ಆಗಲಿಲ್ಲ. ಒಂದು ಮುಂಜಾನೆ ಹಾಜರಿ ಪುಸ್ತಕದಲ್ಲಿ ಸಹಿ ಮಾಡುತ್ತ ಅದರ ಮೇಲೆಯೇ ತಲೆಯಿಟ್ಟು ನಿದ್ದೆ ಹೋದೆ. ಸುದ್ದಿ ಮನೆ ಮುಟ್ಟಿತು. "ನಿದ್ದಿಗೆಟ್ಟು ಸಾಯೂದಕ್ಕಿಂತ ನೌಕರಿ ಬಿಡವಾ" ಎಂದರು ಅತ್ತೆ. ಆ ನೌಕರಿಗಾಗಿ ನಾನು ಅಪ್ಪನ ಜೊತೆ ಎರಡು ವರ್ಷ ಜಗಳಾಡಿದ್ದೆ. ಬಿಡುವುದಿಲ್ಲ ಎಂದು ಹಟ ಹಿಡಿದೆ. ಹಾಗಾದರೆ ಕಿಟಕಿಯನ್ನೇ ಬದಲಿಸೋಣ ಎಂದು, ಸಾಲಿ ಮಾಸ್ತರರಾಗಿದ್ದ ನಮ್ಮ ಯಜಮಾನರು ಈರಪ್ಪ ಕಾಕಾ ಅವರನ್ನು ಕರೆತಂದರು.

ಕಾಕಾಗೆ ಕಿವಿ ಮಂದ. ಸುತ್ತಿಗೆ ಸದ್ದಿನಲ್ಲೇ ಅರವತ್ತು ದಾಟಿದವರು. ಗದ್ದಲ ತಡೆಯಲು ಕಿವುಡರನ್ನು ಕರೆತಂದಿರಲ್ಲ ಎಂದು ನಾನು ಯಜಮಾನರ ಕಿವಿಯಲ್ಲಿ ಮೆಲ್ಲಗೆ ಅಂದೆ. ಮೆಲ್ಲಗೆ ಅನ್ನುವ ಅಗತ್ಯವೇನೂ ಇರಲಿಲ್ಲ.

ಊದಿನಕಡ್ಡಿಯ ಪರೀಕ್ಷೆ ಮುಗಿದ ಮೇಲೆ ಕಾಕಾ, "ನೀ ಮಲಗೂ ಜಾಗಾದಾಗ ನಾ ಒಂದೀಟು ಮಲಗಿ ನೋಡಬೇಕವಾ. ಗದ್ದಲಾ ಎಲ್ಲಿಂದ ಬರತದ ಗೊತ್ತಾಗಬೇಕಲ್ಲ" ಎಂದು ನನ್ನ ಮಂಚದ ಮೇಲೆ ಅಡ್ಡಾದರು. ಎರಡು ನಿಮಿಷದಲ್ಲಿ ಗೊರಕೆ. ಎದುರಿಗೆ ಗಿರಣಿ, ಒಳಗೆ ಕಾಕಾ. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಇದನ್ನ ತಡಿಯಾಕ ಬ್ಯಾರೆ ಕಿಡಕಿ ಬೇಕಲಾ" ಎಂದರು. ಒಂದೂವರೆ ತಾಸಿನ ಮೇಲೆ ಎದ್ದ ಕಾಕಾ ಮುಖ ತೊಳೆದು, ಚಹಾ ಕುಡಿದು, ಏನೂ ಆಗದವರಂತೆ ತೀರ್ಪು ಕೊಟ್ಟರು. "ಗ್ವಾಡಿ ದಪ್ಪ ಅದಾವು, ಅಲ್ಲಿಂದ ಬರಂಗಿಲ್ಲ. ಎಲ್ಲಾ ಸಂದ್ಯಾಗಿಂದ ಬರಾಕತ್ತದ. ಇರವಿ ಹೋಗೂವಷ್ಟು ಸಂದಿ ಇದ್ರ ಸಾಕವಾ, ಗಿರಣಿ ಪೂರಾ ಒಳಗ ಬರತದ."

ಯಜಮಾನರಿಗೆ ಕಬ್ಬಿಣದ ಕಿಟಕಿಯ ಮೇಲೆ ಮನಸ್ಸು. ಆಗ ಅದೇ ಹೊಸ ಫ್ಯಾಶನ್. ನೋಡಿಯೇ ಬಿಡೋಣ ಎಂದು ಒಂದು ರಜೆಯ ದಿನ ಮೂವರೂ ಹುಬ್ಬಳ್ಳಿಗೆ ಹೋದೆವು. ಅಲ್ಲೊಂದು ಅಂಗಡಿಯಲ್ಲಿ ಒಂದು ಕೋಣೆಗೆ ಮಾದರಿಗೆಂದು ಮೂರು ಬಗೆಯ ಕಿಟಕಿ ಕೂಡಿಸಿದ್ದರು. ಕಾಕಾಗೆ ತಮ್ಮ ಕಿವಿಯ ಮೇಲೆ ಭರವಸೆ ಇಲ್ಲ. ನನ್ನನ್ನು ಒಳಗೆ ನಿಲ್ಲಿಸಿ ಕದ ಮುಚ್ಚಿದರು. ಆಮೇಲೆ ಅಂಗಡಿಯ ಮಾಲೀಕರಿಗೆ, "ಹೊರಗ ನಿಂತು ನನಗ ಬೈರಿ" ಎಂದರು.

"ಯಾಕ್ರಿ ಹಿರಿಯರ, ನೀವೇನ ಮಾಡೀರಿ?"

"ಬೈರಿ ನೀವು. ಒಳಗ ಎಷ್ಟ ಕೇಳಿಸ್ತದ ನೋಡೂಣು."

ಮಾಲೀಕರು ನಾಚುತ್ತ, "ನೀವು ಚಲೋ ಮನಷಾ ಅಲ್ರಿ" ಎಂದರು. ನನಗೆ ಕೇಳಿಸಿತು. ಎರಡನೆಯ ಕಿಟಕಿಗೆ, "ನಿಮ್ಮಂಥಾ ಗಿರಾಕಿ ಬಂದ್ರ ಅಂಗಡಿ ಮುಚ್ಚಬೇಕಾಗ್ತದ" ಎಂದರು. ಅದೂ ಕೇಳಿಸಿತು. ಮೂರನೆಯದಕ್ಕೆ ಬರುವಷ್ಟರಲ್ಲಿ ಅವರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಆ ಬೈಗುಳವನ್ನು ನಾನಿಲ್ಲಿ ಬರೆಯಲಾರೆ. ಅಕ್ಷರ ಅಕ್ಷರ ಕೇಳಿಸಿತು ಎಂದು ಮಾತ್ರ ಹೇಳಿದೆ. ಕಾಕಾ ಅವರಿಗೆ ಕೈಮುಗಿದು, "ಬಾಳ ಚಲೋ ಬೈದ್ರಿ. ಆದ್ರ ಕಿಡಕಿ ಬ್ಯಾಡ್ರಿ" ಎಂದು ಹೊರಟರು.

ಕಡೆಗೆ ತಾವೇ ಮಾಡಿದರು. ಹೊರಗೊಂದು ದಪ್ಪ ಗಾಜಿನ ಕದ, ಒಳಗೊಂದು ಸಾಗವಾನಿ ಕದ, ನಡುವೆ ಒಂದು ಗೇಣು ಜಾಗ. ಅಂಚಿಗೆಲ್ಲ ಕುರಿಯುಣ್ಣೆಯ ಕಂಬಳಿ ಕತ್ತರಿಸಿ ಪಟ್ಟಿ ಬಡಿದರು. ಕಟ್ಟಿಗೆಯನ್ನು ಅಳ್ನಾವರದಿಂದ ಹುಡುಕಿ ತಂದರು, ಅದೂ ಹಳೆಯ ಮನೆ ಕೆಡವಿದ್ದು. ಹೊಸದೇ ತರಬಾರದಿತ್ತೇ ಎಂದು ಅತ್ತೆ ಕೇಳಿದ್ದಕ್ಕೆ, "ಹಳೀ ಕಟಗಿ ಇನ್ನ ಸೊಟ್ಟ ಆಗಂಗಿಲ್ಲವಾ. ಆಗೂದೆಲ್ಲಾ ಆಗಿ ಮುಗದಿರ್ತದ" ಎಂದರು.

ಕಿಟಕಿ ಕೂಡಿಸಿದ ಮರುದಿನ ಅತ್ತೆ ಯಮನೂರಿನ ಬೀಗರ ಮನೆಗೆ ಹೋಗಿದ್ದರು. ನಾನು ಡ್ಯೂಟಿ ಮುಗಿಸಿ ಬಂದು, ಮುಂಬಾಗಿಲ ಚಿಲಕ ಹಾಕಿ, ಕೋಣೆಯ ಬಾಗಿಲನ್ನೂ ಮುಚ್ಚಿ ಮಲಗಿದೆ. ಮುಂದಿನದು ಬೇರೆಯವರಿಂದ ಕೇಳಿ ತಿಳಿದದ್ದು. ಸಂಜೆ ಯಜಮಾನರು ಸಾಲಿಯಿಂದ ಬಂದು ಬಾಗಿಲು ತಟ್ಟಿದರು. ತೆರೆಯಲಿಲ್ಲ. ಬಡಿದರು, ಕೂಗಿದರು. ಬಾಜು ಮನೆಯವರು ಬಂದರು. ನನಗೆ ಕೇಳಲೆಂದು ಗಿರಣಿಯವನು ಎಂಜಿನ್ನನ್ನೇ ನಿಲ್ಲಿಸಿ, ಬೀಸಲು ಬಂದವರನ್ನೆಲ್ಲ ಕರೆತಂದು ಒಟ್ಟಿಗೆ ಕೂಗಿಸಿದ. ಯಾರೋ ಒಬ್ಬಾಕೆ ಅಳತೊಡಗಿದಳು. ಒಬ್ಬ ಕಲ್ಲೆತ್ತಿಕೊಂಡು ಕಿಟಕಿಯ ಕಡೆ ನಡೆದ. ಅಷ್ಟರಲ್ಲಿ ಕಾಕಾ ಓಡುತ್ತ ಬಂದು ಗಾಜಿಗೆ ಬೆನ್ನು ಕೊಟ್ಟು ನಿಂತರು.

"ಇದಕ್ಕ ಕೈ ಹಚ್ಚಬ್ಯಾಡ್ರಿ. ಬಾಗಲಾ ಒಡೀರಿ. ಬಾಗಲಾ ನಾ ಮಾಡಿದ್ದಲ್ಲ."

"ಕಾಕಾ, ಒಳಗ ಜೀವ ಅದರಿ" ಎಂದರಂತೆ ಯಜಮಾನರು.

"ಅದಕ ಹೇಳಾಕತ್ತೀನ್ರಿ ಮಾಸ್ತರ. ಮಲಗ್ಯಾಳ. ಮಲಗಲಿ ಬಿಡ್ರಿ."

ಈ ವಾದ ನಡೆದಿರುವಾಗ ನನಗೆ ನೀರಡಿಕೆಯಾಗಿ ತಾನೇ ಎಚ್ಚರವಾಯಿತು. ಕೋಣೆಯಿಂದ ಹೊರಬಂದಾಗ ಬಾಗಿಲು ಬಡಿಯುವುದು ಕೇಳಿ ಚಿಲಕ ತೆಗೆದರೆ, ಅರ್ಧ ಓಣಿ ಅಂಗಳದಲ್ಲಿ. ಯಜಮಾನರು ಕಟ್ಟೆಯ ಮೇಲೆ ಕುಸಿದು ಕುಳಿತರು. ಕಾಕಾ ಜನರನ್ನು ಸರಿಸಿಕೊಂಡು ಮುಂದೆ ಬಂದರು.

"ಗಿರಣಿ ಕೇಳಿಸ್ತೇನವಾ?"

"ಇಲ್ರಿ ಕಾಕಾ. ಏನೂ ಕೇಳಿಸ್ಲಿಲ್ಲ."

ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, ಅವರು ಗಿರಣಿಯವನ ಕಡೆ ತಿರುಗಿದರು. "ಇನ್ನ ಚಾಲೂ ಮಾಡಪಾ."

ನನ್ನ ನೌಕರಿ ಉಳಿಯಿತು. ಅತ್ತೆ ಮತ್ತೆ ಆ ಮಾತೆತ್ತಲಿಲ್ಲ. ಎತ್ತುವುದೇನು, ನನ್ನ ಹಗಲು ಪಾಳಿಯ ದಿನಗಳಲ್ಲಿ ಮಧ್ಯಾಹ್ನ ಅವರೇ ಆ ಕೋಣೆಯಲ್ಲಿ ಮಲಗತೊಡಗಿದರು.

ಕೆಲವು ವರ್ಷಗಳ ಮೇಲೆ ನನಗೆ ಕಲಘಟಗಿಗೆ ವರ್ಗವಾಯಿತು. ಒಂದು ಚಳಿಗಾಲದಲ್ಲಿ ಕಾಕಾ ತೀರಿಕೊಂಡ ಸುದ್ದಿ ತಡವಾಗಿ ಬಂತು. ನವಲಗುಂದಕ್ಕೆ ಬಂದಾಗ ಅವರ ಮನೆ ಹುಡುಕಿಕೊಂಡು ಹೋದೆ. ಅಷ್ಟು ವರ್ಷಗಳಲ್ಲಿ ಅದೇ ಮೊದಲ ಸಲ. ಅವರ ಹೆಂಡತಿ ಗಂಗವ್ವ ಅಡುಗೆಮನೆಯಲ್ಲೇ ಚಾಪೆ ಹಾಸಿ ಕೂಡಿಸಿದರು. ಒಲೆಯ ಪಕ್ಕದ ಕಿಟಕಿಗೆ ಕದವೇ ಇರಲಿಲ್ಲ, ಬರೀ ಚೌಕಟ್ಟು. ತಣ್ಣನೆಯ ಗಾಳಿ ನೇರವಾಗಿ ಒಳಗೆ ಬರುತ್ತಿತ್ತು. ನಾನು ಅದನ್ನೇ ನೋಡುತ್ತಿರುವುದನ್ನು ಅವರು ಕಂಡರು.

"ಹಿತ್ತಲದಾಗ ಕೆಲಸಾ ಮಾಡ್ತಿದ್ರಲ್ಲವಾ. ಊಟಕ್ಕ ಇಲ್ಲಿಂದನ ಕರೀತಿದ್ದೆ. ಕದಾ ಹಾಕ್ರಿ, ಥಂಡಿ ಬರತದ ಅಂದ್ರ, 'ಹಾಕಿದ್ರ ನೀ ಕರದದ್ದು ನನಗ ಹ್ಯಾಂಗ ಕೇಳಬೇಕು' ಅಂತಿದ್ರು."

ಅವರು ಸೆರಗನ್ನು ಹೆಗಲ ತುಂಬ ಹೊದ್ದುಕೊಂಡರು.

"ಈಗ ಹಾಕಸಬೇಕು. ಯಾರಿಗೆ ಹೇಳ್ಲಿ ಯವ್ವಾ?"